ಮೊಣಕಾಲೆತ್ತರದ ನ್ಯೂಯಾರ್ಕ್

“ಕತ್ತು ಎತ್ತು. ಚಳಿ ಆಗ್ತಿದೆ ಅನ್ನೋ ಹಾಗೆ ನಿಲ್ಲು,” ಎಂದಳು ಒರಾಲಿಯಾ. ಕ್ಯಾಲಿಫೋರ್ನಿಯಾದ ಸುಡುಬಿಸಿಲಿನಲ್ಲಿ ಉಣ್ಣೆಯ ಕೋಟು ತೊಟ್ಟು ಒಂಬತ್ತು ವರ್ಷದ ಮಗಳು ನಯೇಲಿ ಬೆವರಿನಲ್ಲಿ ತೊಯ್ದಿದ್ದಳು.

ಒರಾಲಿಯಾ ನೆಲಕ್ಕೆ ಕೆನ್ನೆ ಹಚ್ಚಿ ಮೊಬೈಲು ಹಿಡಿದಳು. ಅಷ್ಟು ಕೆಳಗಿನಿಂದ ನೋಡಿದರೆ, ಪಾರ್ಕಿನಲ್ಲಿ ಆಟಿಕೆ ಇಟ್ಟಿಗೆಗಳಿಂದ ಕಟ್ಟಿದ ಪುಟಾಣಿ ನ್ಯೂಯಾರ್ಕ್ ಮುಗಿಲು ಮುಟ್ಟುತ್ತಿತ್ತು. ಇಟ್ಟಿಗೆ ಇಟ್ಟಿಗೆಯಂತೆ ಕಾಣಬಾರದು; ಹಿನ್ನೆಲೆ ಮಸುಕಾಗಬೇಕು. ತನ್ನ ಅಮ್ಮ ನಂಬಬೇಕು. ನಂಬದಿದ್ದರೆ ಎಲ್ಲ ಮುಗಿಯಿತು.

ಹಾದುಹೋಗುವವರು ನಗುತ್ತಿದ್ದರು. ನಗಲಿ. ಹೋಟೆಲುಗಳಲ್ಲಿ ಅವರ ಹಾಸಿಗೆ ಕೊಡವಿ, ಅವರ ಪಾಯಿಖಾನೆ ತಿಕ್ಕುವ ಹೆಂಗಸು ಅವರ ಕಣ್ಣಿಗೆ ಬಿದ್ದದ್ದೇ ಹೀಗೆ ನೆಲಕ್ಕೆ ಬಿದ್ದಾಗ.

ಜೊತೆಗೆ ಬಂದಿದ್ದವನು ನೆರೆಮನೆಯ ಚೆಮಾ. ಲಾರಿ ಓಡಿಸುತ್ತಾನೆ, ನಾಳೆ ನಿಜವಾದ ನ್ಯೂಯಾರ್ಕಿಗೇ ಸರಕು ಒಯ್ಯುತ್ತಾನೆ. ಚಿತ್ರಗಳನ್ನು ಅಲ್ಲಿಂದಲೇ ಅಂಚೆಗೆ ಹಾಕುವುದು ಅವನ ಪಾಲಿನ ಕೆಲಸ. ಮುದ್ರೆಯೂ ಆ ಊರಿನದೇ ಇರಬೇಕಲ್ಲ. ಕೆಲಸ ಸಿಕ್ಕಿದೆ, ಇಲ್ಲಿ ನ್ಯೂಯಾರ್ಕಿನಲ್ಲೇ ನೆಲೆಸಿದ್ದೇವೆ, ಸುಖವಾಗಿದ್ದೇವೆ ಎಂದು ಅವಳು ಬರೆದ ಕಾಗದ ಓದಿ ಅವನು ಹಲ್ಲು ಕಿರಿದ.

“ಭಾರಿ ಊರು ಕಣಕ್ಕ. ಟ್ಯಾಕ್ಸಿ ನಿನ್ನ ಮಗಳ ಮೊಣಕಾಲಿಗೂ ಬರಲ್ಲ.” ಆಮೇಲೆ ದನಿ ತಗ್ಗಿಸಿದ. “ಮುದುಕಿ ನಿನ್ನ ಮುಖ ನೋಡ್ಬೇಕು ಅಂತ ಕಾಯ್ತಿರ್ತಾಳೆ.”

“ಹೋದ್ರೆ ವಾಪಸ್ ಬಿಡ್ತಾರಾ?”

ಚೆಮಾ ಕಾಗದ ಮಡಚಿ ಜೇಬಿಗಿಟ್ಟ. ಕಾಗದಪತ್ರವಿಲ್ಲದವರಿಗೆ ಬೇಲಿ ಎಂದರೇನೆಂದು ಅವನಿಗೂ ಗೊತ್ತಿತ್ತು.

ನಯೇಲಿಯ ಕಣ್ಣು ತುಂಬಿತ್ತು. ಬೀದಿಯಲ್ಲಿ ತಮಾಲೆ ಕಡುಬು ಮಾರುವಾಗ ಅಜ್ಜಿ, ಇದು ನಿನ್ನೆಯದು, ಬೇಡ ಎಂದು ಗಿರಾಕಿಗೆ ತಾನೇ ಹೇಳಿಬಿಡುತ್ತಿದ್ದಳು. ಬೈಸಿಕೊಂಡರೂ ಬಾಯಿ ತಡೆಯುತ್ತಿರಲಿಲ್ಲ.

“ಅಜ್ಜಿ ಒಂದಿನಾನೂ ಸುಳ್ಳು ಹೇಳಿಲ್ಲ. ನಾವ್ಯಾಕಮ್ಮ ಅಜ್ಜಿಗೇ ಹೇಳೋದು?”

“ಅದಕ್ಕೇ ಕಣೇ,” ಎಂದಳು ಒರಾಲಿಯಾ. ಮಗಳ ಕಣ್ಣೊರೆಸಿ, ಕೋಟಿನ ಗುಂಡಿಗಳನ್ನು ಕೊರಳ ತನಕ ಹಾಕಿ, ಮತ್ತೆ ನೆಲಕ್ಕೊರಗಿದಳು. ಈ ಸಲ ಚಿತ್ರ ಸರಿಯಾಗಿ ಬಂತು. ಹುಡುಗಿ ನಿಜಕ್ಕೂ ನಡುಗುತ್ತಿರುವಂತೆ ಕಾಣುತ್ತಿತ್ತು.

ಹದಿನೈದು ದಿನದಲ್ಲಿ ಅದು ಅಮ್ಮನ ಕೈ ಸೇರುತ್ತದೆ. ಆಮೇಲೆ, ಈ ಪಾರ್ಕಿನಿಂದ ಬರೀ ಮುಕ್ಕಾಲು ಗಂಟೆ ದೂರದ ವಲಸಿಗರ ಸೆರೆಮನೆಯಲ್ಲಿ, ನಿನ್ನ ಮಗಳು ಎಲ್ಲಿ ಅಡಗಿದ್ದಾಳೆ ಎಂದು ಅಧಿಕಾರಿ ಮತ್ತೆ ಗದರಿಸಿದಾಗ, ಸುಳ್ಳು ಹೇಳಲು ಬಾರದ ಮುದುಕಿ ಎದೆ ಮುಟ್ಟಿಕೊಂಡು ಹೇಳಬಹುದು: ನ್ಯೂಯಾರ್ಕಿನಲ್ಲಿ.