ಎಡಗಡೆಯ ಆಡುಗಳು

"ಇವನ್ನೆಲ್ಲಾ ಯಾಕ ಎಡಕ್ಕ ಕಟ್ಟೀದಿ, ಶೆಟ್ಟೆವ್ವ?" ಪಾಸ್ಟರ್ ಪರಮಾನಂದ ಹಟ್ಟಿಯ ಬಾಗಿಲಲ್ಲೇ ದಂಗಾಗಿ ನಿಂತುಬಿಟ್ಟರು. ಬಲಗಡೆ ಕುರಿಗಳು, ಎಡಗಡೆ ಒಂಬತ್ತು ಆಡುಗಳು, ನಡುವೆ ಹೊಸದಾಗಿ ಹಾಕಿದ ಮುಳ್ಳುಬೇಲಿ. ತಾಯಿ ಸತ್ತ ಕುರಿಮರಿಯೊಂದು ತನಗೆ ಹಾಲೂಡಿಸುತ್ತಿದ್ದ ಆಡಿಗಾಗಿ ಬೇಲಿಗೆ ಮೂತಿ ತೂರಿಸಿ ಅರಚುತ್ತಿತ್ತು.

"ಐತವಾರ ನೀವ ಹೇಳಿದ್ರಲ್ರಿ, ಕಡೀ ತೀರ್ಪಿನ ದಿನ ಕುರಿ ಬಲಕ್ಕ, ಆಡು ಎಡಕ್ಕ, ಎಡಗಡೆ ಇದ್ದವ್ರೆಲ್ಲ ಬೆಂಕಿಗಿ ಅಂತ? ನಾಳೆ ಹಿಪ್ಪರಗಿ ಸಂತ್ಯಾಗ ಎಲ್ಲಾ ಮಾರಿಬಿಡ್ತೇನ್ರಿ. ಬೆಂಕಿಗಿ ಹೋಗೋವು ನನ್ನ ಹಟ್ಯಾಗ ಬ್ಯಾಡ."

"ಯವ್ವಾ ತಾಯಿ, ಅದು ಹೋಲಿಕಿ!" ಪಾಸ್ಟರ್ ತಲೆಯ ಮೇಲೆ ಕೈ ಹೊತ್ತರು. "ಆಡು ಅಂದ್ರ ಆಡಲ್ಲ, ಮನಶ್ಯಾರು. ನೀರಡಿಸಿ ಬಂದವ್ರಿಗೆ ನೀರು ಕೊಡದವ್ರು."

ಶೆಟ್ಟೆವ್ವನಿಗೆ ಜೀವ ಬಂದಂತಾಯಿತು. ಬೇಲಿಯನ್ನು ಒಂದು ಕಡೆ ಸ್ವಲ್ಪ ಸರಿಸಿ ದಾರಿ ಬಿಟ್ಟಳು. ಮರಿ ಓಡಿಹೋಗಿ ಆಡಿನ ಕೆಚ್ಚಲಿಗೆ ಬಾಯಿ ಹಾಕಿತು. ಅದರ ಹಿಂದೆಯೇ ಹೋಗಿ ಬೆನ್ನು ಸವರುತ್ತಾ ನಕ್ಕಳು. "ಹಂಗಾರ ಆ ನೀರೂ ಹೋಲಿಕೀನ ಏನ್ರಿ?"

"ಇಲ್ಲವ್ವ. ನೀರು ಅಂದ್ರ ನೀರ. ಕುಡಿಯೋ ನೀರು."

ಅವಳ ಕೈ ಮರಿಯ ಬೆನ್ನ ಮೇಲೆಯೇ ನಿಂತಿತು. ನಿನ್ನೆ ಮಧ್ಯಾಹ್ನ ಕಬ್ಬು ಕಡಿಯಲು ಬಂದ ಗುಂಪಿನ ಹೆಂಗಸೊಬ್ಬಳು ಕಂಕುಳಲ್ಲಿ ಕೂಸು ಎತ್ತಿಕೊಂಡು ಬಾಗಿಲಿಗೆ ಬಂದು ನೀರು ಕೇಳಿದ್ದಳು. "ಕೊಡ ಖಾಲಿ ಐತಿ, ಮುಂದಕ್ಕ ಹೋಗು" ಎಂದಿದ್ದಳು ಶೆಟ್ಟೆವ್ವ. ಕೊಡ ತುಂಬಿತ್ತು.

ಅವಳು ಮೆಲ್ಲಗೆ ತಲೆಯೆತ್ತಿ ಸುತ್ತ ನೋಡಿದಳು. ಒಂಬತ್ತು ಆಡುಗಳ ನಡುವೆ, ಬೇಲಿಯ ಎಡಗಡೆ ನಿಂತಿದ್ದಳು.