ಬಲ್ಬು ಆರಿದ ಗಳಿಗೆ

“ನೀರು ಮಂಡಿಗೆ ಬಂತು ಕಣೇ!” ಪಂಪಿನ ಸದ್ದನ್ನು ಮೀರಿಸಲು ಗಂಡ ಫೋನಿನಲ್ಲಿ ಕಿರುಚುತ್ತಿದ್ದ. “ನಿಮ್ಮ ಹೊಸ ಮೆಷಿನ್ನು ಕರೆಂಟು ಕೊಡುತ್ತೋ ಇಲ್ವೋ?”

“ಕೊಡುತ್ತೆ. ನೀವು ಮೊದಲು ಮೇಲಕ್ಕೆ ಬನ್ನಿ ಅಂದ್ರೆ!”

“ನಾನು ಬಂದ್ರೆ ಈ ಪಂಪು ನೋಡೋರ್ಯಾರು? ಜನರೇಟರ್ ಮೇಲೆ ಇದೊಂದೇ ಓಡ್ತಿರೋದು. ಇದೂ ನಿಂತ್ರೆ ಗಣಿ ಕಥೆ ಮುಗೀತು.” ಅಷ್ಟರಲ್ಲಿ ಫೋನು ಕಟ್ಟಾಯಿತು.

ಅವಳು ಅಣೆಕಟ್ಟಿನ ಬುಡದಲ್ಲಿದ್ದ ವಿದ್ಯುತ್ ಕೇಂದ್ರದ ಆಪರೇಟರ್. ಅವನು ಬೆಟ್ಟದಾಚೆಯ ತಾಮ್ರದ ಗಣಿಯಲ್ಲಿ, ಮುನ್ನೂರು ಅಡಿ ಆಳದಲ್ಲಿ, ಒಸರುವ ನೀರನ್ನು ಹೊರಹಾಕುವ ಪಂಪುಗಳ ಮೇಲ್ವಿಚಾರಕ. ದೇಶಕ್ಕೆಲ್ಲ ವಿದ್ಯುತ್ ಸಾಲದೆ ಬೆಳಗ್ಗೆ ಗಣಿಯ ಲೈನಿಗೆ ಕರೆಂಟನ್ನೇ ನಿಲ್ಲಿಸಿಬಿಟ್ಟಿದ್ದರು. ಇಲ್ಲಿ ನೋಡಿದರೆ ಅಣೆಕಟ್ಟು ತುಂಬಿ, ಹೆಚ್ಚಾದ ನೀರು ಗೇಟುಗಳಿಂದ ಧುಮುಕಿ ಸುಮ್ಮನೆ ಸಮುದ್ರದ ದಾರಿ ಹಿಡಿದಿತ್ತು. ಹೊಸ ಯಂತ್ರವೂ ತಿರುಗುತ್ತಲೇ ಇತ್ತು. ಆದರೆ ಅದನ್ನು ಲೈನಿಗೆ ಸೇರಿಸುವಂತಿರಲಿಲ್ಲ. ಸೇರಿಸುವ ಗಳಿಗೆಯಲ್ಲಿ ಯಂತ್ರದ ವಿದ್ಯುತ್ತೂ ಲೈನಿನ ವಿದ್ಯುತ್ತೂ ಒಂದೇ ಹೆಜ್ಜೆ ಹಾಕುತ್ತಿರಬೇಕು. ಹೆಜ್ಜೆ ತಪ್ಪಿದರೆ ಆನೆಯ ಮೈಯಷ್ಟು ದಪ್ಪದ ಉಕ್ಕಿನ ದಂಡವೇ ತಿರುಚಿಹೋಗುತ್ತದೆ. ಆ ಹೆಜ್ಜೆಯನ್ನು ತೋರಿಸಬೇಕಾದ ಮೀಟರಿನ ಮುಳ್ಳು ಸೆಟೆದು ನಿಂತಿತ್ತು.

“ಹೊಸ ಮೀಟರ್ ತಗೊಂಡು ಮೆಷಿನ್ ಕೊಟ್ಟ ಫಾರಿನ್ ಕಂಪನಿಯ ಎಂಜಿನಿಯರ್ ವಿಮಾನ ಹತ್ತೋದೇ ಇನ್ನು ಹನ್ನೆರಡು ದಿನಕ್ಕಂತೆ,” ಎಂದರು ಸೂಪರಿಂಟೆಂಡೆಂಟರು, ಕುರ್ಚಿಯಲ್ಲಿ ಕುಸಿಯುತ್ತಾ. “ಅಲ್ಲೀವರೆಗೆ ಮುಟ್ಟಲೇಬೇಡಿ ಅಂದಿದ್ದಾರೆ.”

ಅವಳು ಮೆಟ್ಟಿಲು ಎರಡೆರಡು ಹಾರಿ ಹೊರಗೋಡಿ, ನೌಕರರ ವಸತಿ ಸಾಲಿನ ಕೊನೆಯ ಮನೆಯಿಂದ ತನ್ನ ಸೋದರಮಾವನನ್ನು ಎಳೆದುಕೊಂಡೇ ಬಂದಳು. ಹಳೆಯ ಯಂತ್ರದ ಕಾಲದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು. ಎಲ್ಲರ ಬಾಯಲ್ಲೂ ಅವನು ‘ಫ್ಯೂಸ್ ಮಾವ’. ಅರ್ಧ ಗಡ್ಡ ಕೆರೆದಿದ್ದ, ಉಳಿದರ್ಧದಲ್ಲಿ ಇನ್ನೂ ಸೋಪಿನ ನೊರೆಯಿತ್ತು.

ಮಾವ ಮೀಟರಿನ ಗಾಜಿಗೆ ಬೆರಳಿನಿಂದ ಟಕ್ಕೆಂದು ಹೊಡೆದ. ಮುಳ್ಳು ಮಿಸುಕಲಿಲ್ಲ. “ಇದು ಹೋಯ್ತು, ಬಿಡಿ. ಮೂರು ಬಲ್ಬು ಕೊಡಿ. ಮನೆಗೆ ಹಾಕ್ತೀವಲ್ಲ, ಅವೇ ಸಾಕು. ಹಳೇ ಕಾಲದವು, ಒಳಗೆ ತಂತಿ ಇರೋವು.”

“ಬಲ್ಬಿನಲ್ಲಿ ಏನಯ್ಯಾ ಮಾಡ್ತೀಯ?” ಸೂಪರಿಂಟೆಂಡೆಂಟರು ಎದ್ದುನಿಂತರು.

“ಯಂತ್ರಕ್ಕೂ ಲೈನಿಗೂ ನಡುವೆ ಕಟ್ತೀನಿ ಸಾರ್. ಹೆಜ್ಜೆ ತಪ್ಪಿದಷ್ಟೂ ಉರೀತವೆ. ಕೂಡಿತೋ, ಮೂರೂ ಒಟ್ಟಿಗೆ ಆರ್ತವೆ. ಆಗ ಸ್ವಿಚ್ ಹಾಕೋದು. ಮೀಟರ್ ಬರೋಕೆ ಮುಂಚೆ ಹೀಗೇ ಮಾಡ್ತಿದ್ವಿ.”

“ತಪ್ಪಿದರೆ?”

“ತಪ್ಪಿದರೆ ನಾನು ರಿಟೈರ್ ಆಗಿದೀನಿ. ನೀವು ಇನ್ನೂ ಆಗಿಲ್ಲ.”

ಸೂಪರಿಂಟೆಂಡೆಂಟರು ಮುಖ ಒರೆಸಿಕೊಂಡರು. ಫೋನಿನ ಕಡೆ ನೋಡಿದರು, ಅವಳ ಕಡೆ ನೋಡಿದರು. ಆಮೇಲೆ ತಾವೇ ಕುರ್ಚಿ ಹತ್ತಿ ಕಾರಿಡಾರಿನ ಬಲ್ಬುಗಳನ್ನು ಬಿಚ್ಚಿಕೊಟ್ಟರು.

ಬಲ್ಬು ಆರಿದ್ದು ಸರಿಯಾಗಿ ಕಾಣಲೆಂದು ಹಾಡಹಗಲಲ್ಲೇ ಕಿಟಕಿಗಳಿಗೆಲ್ಲ ಪರದೆ ಎಳೆದರು. ಮಾವ ತಂತಿ ಸುತ್ತಿದ. ಮೂರು ಬಲ್ಬುಗಳೂ ಮಂದವಾಗಿ ಹೊತ್ತಿಕೊಂಡು, ಆರಿ, ಮತ್ತೆ ಹೊತ್ತಿಕೊಂಡವು. ಮಿಣುಕ್, ಮಿಣುಕ್, ಮಿಣುಕ್.

“ಯಂತ್ರ ಜೋರಾಗಿ ಓಡ್ತಿದೆ. ನೀರು ಒಂಚೂರು ತಗ್ಗಿಸಿ ಸಾರ್. ಇನ್ನೂ ಸ್ವಲ್ಪ… ಸಾಕು.” ಮಿಣುಕು ನಿಧಾನವಾಯಿತು. “ಮಗಳೇ, ಸ್ವಿಚ್ ಹಿಡ್ಕೋ.”

“ನಾನಾ? ನೀನೇ ಹಾಕು ಮಾವ.”

“ನನ್ನ ಕೈ ನೋಡು.” ಕೈ ನಡುಗುತ್ತಿತ್ತು. “ಅರವತ್ತೆಂಟಾಯ್ತು. ಕಣ್ಣು ಸರಿಯಿದೆ, ಕೈ ಇಲ್ಲ.”

ಅವಳು ಹಿಡಿ ಹಿಡಿದಳು. ಬಲ್ಬುಗಳು ಆರಿದವು. ಅವಳ ತೋಳು ಮರದ ಕೊರಡಿನಂತೆ ನಿಂತುಬಿಟ್ಟಿತು. ಮತ್ತೆ ಹೊತ್ತಿಕೊಂಡವು.

“ಹೋಗ್ಲಿ ಬಿಡು, ಮತ್ತೆ ಬರುತ್ತೆ. ಉಸಿರು ಬಿಡು.”

ಎರಡನೇ ಸಲ ಅವಳು ಹಾಕುವುದರಲ್ಲಿದ್ದಳು, ಮಾವ “ಬೇಡ!” ಎಂದು ಕೂಗಿದ. ಮೂರನೆಯ ಬಲ್ಬಿನ ಹೊಟ್ಟೆಯಲ್ಲಿ ಕೂದಲೆಳೆಯಷ್ಟು ಕೆಂಪು ಉಳಿದಿತ್ತು. ಆಗಲೇ ಫೋನು ಬಡಿದುಕೊಳ್ಳತೊಡಗಿತು. ಯಾರೂ ಎತ್ತಲಿಲ್ಲ. ಬಲ್ಬುಗಳು ನಿಧಾನವಾಗಿ ಬೆಳಗಿ, ಅಷ್ಟೇ ನಿಧಾನವಾಗಿ ಮಂಕಾಗುತ್ತಾ ಬಂದವು. ಹಳದಿ, ಕೆಂಪು, ಗೆರೆಯಷ್ಟು ಕೆಂಪು… ಕತ್ತಲು.

“ಹಾಕು!”

ಧಡ್!

ಅವಳು ಕಣ್ಣು ಮುಚ್ಚಿದ್ದಳು. ಯಂತ್ರ ಮುರಿದ ಸದ್ದಿಗಾಗಿ ಕಾದಳು. ಕೇಳಿಸಿದ್ದು ಒಂದೇ ಸಮನೆ ಗುಂಯ್‌ಗುಟ್ಟುವ ಸದ್ದು. ಕಣ್ಣು ತೆರೆದಾಗ ಬಲ್ಬುಗಳು ಆರಿಯೇ ಇದ್ದವು. ಸೂಪರಿಂಟೆಂಡೆಂಟರು ನೀರು ಹೆಚ್ಚಿಸಿದರು. “ಐದು ಮೆಗಾವಾಟ್… ಹನ್ನೆರಡು… ಇಪ್ಪತ್ತು! ಏರ್ತಿದೆ ಕಣ್ರಯ್ಯಾ!” ಎಂದು ಕೂಗುತ್ತಾ ಅವರು ಮಾವನನ್ನು ತಬ್ಬಿಕೊಂಡರು. ಸೋಪಿನ ನೊರೆ ಅವರ ಕೆನ್ನೆಗೂ ಮೆತ್ತಿಕೊಂಡಿತು. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಸ್ವಿಚ್ಚಿನ ಹಿಡಿಯನ್ನು ಮಾತ್ರ ಬಿಟ್ಟಿರಲಿಲ್ಲ. ಮಾವನೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಗಣಿಯ ಲೈನಿಗೆ ಮತ್ತೆ ಕರೆಂಟು ಬಿಟ್ಟ ಮೇಲೆ ಅರ್ಧ ಗಂಟೆಗೆ ಫೋನು ಬಂತು. ಈ ಸಲ ಹಿಂದೆ ಕೇಳುತ್ತಿದ್ದುದು ಒಂದು ಪಂಪಿನ ಸದ್ದಲ್ಲ, ನಾಲ್ಕರದು.

“ಇಳೀತಿದೆ ಕಣೇ, ಮೀನಖಂಡಕ್ಕಿಳೀತು!” ಗಂಡ ಕುಣಿಯುತ್ತಿದ್ದನೋ ಏನೋ, ನೀರು ಚಳಪಳ ಎನ್ನುತ್ತಿತ್ತು. “ಅಬ್ಬಾ, ಅಂತೂ ಸರಿಮಾಡಿದ್ರಲ್ಲ! ಯಾವ ದೇಶದಿಂದ ಬಂದ್ರು ಆ ಎಂಜಿನಿಯರ್ರು?”

“ಯಾರೂ ಬರಲಿಲ್ಲ ಕಣ್ರೀ,” ಎಂದಳು ಅವಳು. “ನಾವಿಲ್ಲೇ ಇದ್ವಿ.”