ಹದಿನೇಳನೇ ನಂಬರ್ ಕಂಪ್ಯೂಟರ್ ಆಫ್ ಮಾಡಿದ್ದು ಯಾರು?

ನಿಶ್ಚಲ್ ಅಂತ ಒಬ್ಬ ಹುಡುಗ. ಸಿವಿಲ್ ಎಂಜಿನಿಯರಿಂಗ್, ಕೊನೆಯ ವರ್ಷ. ಬುದ್ಧಿವಂತ... ಆ ವಿಷಯ ಬೇರೆ ಯಾರಿಗಿಂತಲೂ ಅವನಿಗೇ ಚೆನ್ನಾಗಿ ಗೊತ್ತಿತ್ತು.

ಅವನ ಕಾಲೇಜಿನಲ್ಲಿ ಕಟ್ಟಡದ ಡಿಸೈನ್ ಮಾಡುವ ದುಬಾರಿ ಸಾಫ್ಟ್‌ವೇರ್ ಇತ್ತು. ಅದು ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ಮಾತ್ರ ಓಡುತ್ತದೆ.

ಹಾಗಾಗಿ ಕಾಲೇಜಿನವರು ಒಂದು ಅನುಕೂಲ ಮಾಡಿಕೊಟ್ಟಿದ್ದರು. ಮನೆಯಲ್ಲೇ ಕೂತು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಲ್ಯಾಬಿನ ಕಂಪ್ಯೂಟರಿಗೆ ಕನೆಕ್ಟ್ ಆಗಬಹುದು. ಕಂಪ್ಯೂಟರ್ ಅಲ್ಲಿ... ಅದರ ಸ್ಕ್ರೀನ್ ನಿಮ್ಮ ಲ್ಯಾಪ್‌ಟಾಪಿನಲ್ಲಿ.

ನಿಶ್ಚಲನಿಗೆ ಕೊಟ್ಟಿದ್ದು ಹದಿನೇಳನೇ ನಂಬರ್. ಅವನ ಪ್ರಾಜೆಕ್ಟ್ ಫೈಲ್‌ಗಳೆಲ್ಲ ಅದರಲ್ಲೇ.

ಆ ಲ್ಯಾಬಿನ ಅಟೆಂಡರ್ ಜವರಮ್ಮ. ಬೀಗ ತೆಗೆಯುವುದು, ಕಸ ಗುಡಿಸುವುದು, ಕಂಪ್ಯೂಟರ್ ಆನ್ ಮಾಡಿಡುವುದು ಅವರ ಕೆಲಸ. ಗುತ್ತಿಗೆ ನೌಕರಿ... ಮಾರ್ಚ್ ಕೊನೆಗೆ ಪ್ರಿನ್ಸಿಪಾಲರ ಸಹಿ ಬಿದ್ದರೆ ಇನ್ನೊಂದು ವರ್ಷದ ಅನ್ನ.

ನಿಶ್ಚಲನ ಕಣ್ಣಿಗೆ ಆಕೆ ಪೊರಕೆ ಹಿಡಿದ ಒಂದು ಸೀರೆ, ಅಷ್ಟೇ.

ಯುಗಾದಿ ರಜೆ ಬಂತು. ಮರುದಿನ ಹೊಸತೊಡಕು, ಮಾಂಸದೂಟದ ದಿನ. ಅವತ್ತು ಸಂಜೆ ಐದರೊಳಗೆ ಪ್ರಾಜೆಕ್ಟ್ ಅಪ್‌ಲೋಡ್ ಆಗಬೇಕು... ತಪ್ಪಿದರೆ ಒಂದು ಸೆಮಿಸ್ಟರ್ ಹೋಯಿತು.

ನಮ್ಮ ಬುದ್ಧಿವಂತ ಹಬ್ಬದ ದಿನ ಮಧ್ಯಾಹ್ನದವರೆಗೆ ಮನೆಯಿಂದಲೇ ಕೆಲಸ ಮಾಡಿದ. ಅಮ್ಮ ಊಟಕ್ಕೆ ಕರೆದರು. ಶಟ್ ಡೌನ್ ಒತ್ತಿ, ಲ್ಯಾಪ್‌ಟಾಪ್ ಮಡಚಿ, ಒಬ್ಬಟ್ಟು ತಿನ್ನಲು ಎದ್ದ.

ಹೊಸತೊಡಕಿನ ಬೆಳಿಗ್ಗೆ ಕನೆಕ್ಟ್ ಮಾಡಿದರೆ... ಆಗಲಿಲ್ಲ. ಹತ್ತು ಸಲ ಒತ್ತಿದ. ಆ ಕಂಪ್ಯೂಟರ್ ಆಫ್ ಆಗಿರಬಹುದು ಅನ್ನುವ ಸಂದೇಶವೇ ಹತ್ತು ಸಲವೂ ಬಂತು.

ತಾನೇನಾದರೂ ತಪ್ಪು ಮಾಡಿದೆನಾ ಅಂತ ಒಂದು ಕ್ಷಣ ಯೋಚಿಸಬಹುದಿತ್ತು. ಇಂಥ ಬುದ್ಧಿವಂತರಿಗೆ ಆ ಅಭ್ಯಾಸ ಇರುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕ್ಲಾಸಿನ ಗ್ರೂಪಿಗೆ ಮೆಸೇಜ್ ಹಾಕಿದ. "ಆ ಅಟೆಂಡರಮ್ಮ ಕಸ ಹೊಡೆಯೋವಾಗ ಪ್ಲಗ್ ಕಿತ್ತಿರ್ತಾಳೆ. ಇಂಥವರನ್ನ ಇಟ್ಕೊಂಡ್ರೆ ಇದೇ ಗತಿ."

ಅರವತ್ತು ಜನರ ಗ್ರೂಪ್. ನಗುವ ಎಮೋಜಿಗಳು ಸಾಲುಗಟ್ಟಿ ಬಂದವು.

ಅಷ್ಟಕ್ಕೇ ನಿಲ್ಲಿಸಲಿಲ್ಲ ಮಹಾಶಯ. ವಿಭಾಗದ ಮುಖ್ಯಸ್ಥ ವಾಗೀಶ್ ಸರ್‌ಗೆ ಇಮೇಲ್ ಬರೆದ, ಪ್ರಿನ್ಸಿಪಾಲರಿಗೂ ಒಂದು ಕಾಪಿ... ಇಂಥ ಬೇಜವಾಬ್ದಾರಿ ಹೆಂಗಸಿನ ಗುತ್ತಿಗೆ ಮುಂದುವರಿಸಬಾರದು ಅಂತ.

ಸಹಿಗೆ ಉಳಿದಿದ್ದು ಮೂರೇ ದಿನ. ಅದು ಗೊತ್ತಿದ್ದೇ ಬರೆದ.

ಹನ್ನೊಂದೂವರೆಗೆ ಕನೆಕ್ಟ್ ಆಯಿತು. "ನೋಡಿದ್ಯಾ ಅಮ್ಮಾ, ಒಂದು ಬಿಗಿದ್ರೆ ಎಲ್ಲಾ ಸರಿಹೋಗತ್ತೆ" ಅಂತ ಅಮ್ಮನ ಮುಂದೆ ಕೊಚ್ಚಿಕೊಂಡ.

ಮಧ್ಯದಲ್ಲಿ ಎರಡು ಸಲ ಕನೆಕ್ಷನ್ ಹೋಯಿತು. ಐದೇ ನಿಮಿಷಕ್ಕೆ ಮತ್ತೆ ಬಂತು. ಎರಡು ಸಲವೂ ಜವರಮ್ಮನಿಗೇ ಬೈದ. ನಾಲ್ಕು ನಲವತ್ತಕ್ಕೆ ಪ್ರಾಜೆಕ್ಟ್ ಅಪ್‌ಲೋಡ್ ಆಯಿತು.

ಮಾರನೇ ದಿನ ಕಾಲೇಜು ತೆರೆಯಿತು. ವಾಗೀಶ್ ಸರ್ ಕರೆದರು. ಶಭಾಷ್‌ಗಿರಿ ಸಿಗುತ್ತದೆ ಅನ್ನುವ ಹಾಗೆ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೋದ.

ಸರ್ ತಮ್ಮ ಸ್ಕ್ರೀನನ್ನು ಅವನ ಕಡೆ ತಿರುಗಿಸಿದರು. "ತನ್ನನ್ನ ಯಾರು ಯಾವಾಗ ಆಫ್ ಮಾಡಿದ್ರು ಅಂತ ಕಂಪ್ಯೂಟರೇ ಬರ್ಕೊಂಡಿರತ್ತೆ. ಓದು."

ಯುಗಾದಿಯ ದಿನ. ಮಧ್ಯಾಹ್ನ ಒಂದು ಹತ್ತು. ಆಫ್ ಮಾಡಿದವರ ಹೆಸರಿನ ಜಾಗದಲ್ಲಿ... ನಿಶ್ಚಲನದೇ ರಿಜಿಸ್ಟರ್ ನಂಬರ್.

"ನಿನ್ನ ಲ್ಯಾಪ್‌ಟಾಪ್ ಅಂದ್ಕೊಂಡು ಲ್ಯಾಬಿನ ಕಂಪ್ಯೂಟರನ್ನೇ ಶಟ್ ಡೌನ್ ಮಾಡಿದ್ದೀಯ ಕಣಯ್ಯಾ. ಸೈನ್ ಔಟ್ ಆಗ್ಬೇಕಿತ್ತು. ಒಂದ್ಸಲ ಆಫ್ ಆದ್ರೆ ಮನೇಲಿ ಕೂತು ಆನ್ ಮಾಡಕ್ಕಾಗಲ್ಲ, ಯಾರಾದ್ರೂ ಹೋಗಿ ಬಟನ್ ಒತ್ತಬೇಕು. ಮೇಲಿನ ಸಾಲುಗಳನ್ನೂ ನೋಡು. ಈ ಸೆಮಿಸ್ಟರಲ್ಲಿ ಹನ್ನೊಂದು ಸಲ ನಿಂದೇ ಕೈ."

ಹಿಂದಿನ ಹತ್ತು ಸಲವೂ ಮರುದಿನ ಬೆಳಿಗ್ಗೆ ಎಂಟೂವರೆಗೆ ಅದು ಆನ್ ಆಗಿತ್ತು. ಆನ್ ಮಾಡಿದವರು ಯಾರಿಗೂ ಒಂದು ಮಾತು ಹೇಳಿರಲಿಲ್ಲ.

"ನಿನ್ನೆ ನಿನ್ನ ಇಮೇಲ್ ನೋಡಿ ನಾನು ಫೋನ್ ಮಾಡ್ದಾಗ ಜವರಮ್ಮನ ಮನೇಲಿ ಬಾಡೂಟದ ಅಡಿಗೆ. ಮಗಳು ಅಳಿಯ ಬಂದಿದ್ರು. ಸೌಟು ಮಗಳ ಕೈಗೆ ಕೊಟ್ಟು ಎರಡು ಬಸ್ ಹತ್ತಿ ಬಂದ್ರು. ಕರೆಂಟ್ ಹೋಗಿ ಬಂದು ಮಾಡ್ತಿತ್ತು ಅಂತ ಐದು ಗಂಟೆವರೆಗೂ ಆ ಕಂಪ್ಯೂಟರ್ ಪಕ್ಕಾನೇ ಕೂತಿದ್ರು."

ನಿಶ್ಚಲ್ ಮೆಲ್ಲಗೆ ಅಂದ. "ಸಾರ್... ಕಂಪ್ಲೇಂಟ್ ವಾಪಸ್ ತಗೋತೀನಿ."

"ವಾಪಸ್ ತಗೊಂಡ್ರೆ ನೀನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ ಅಂತಾಗತ್ತೆ. ತಪ್ಪು ಅವರ ತಲೆ ಮೇಲೇ ಉಳಿಯತ್ತೆ. ಆಫ್ ಮಾಡಿದ್ದು ನಾನು ಅಂತ ಬರಿ. ಪ್ರಿನ್ಸಿಪಾಲರಿಗೂ, ನಿಮ್ಮ ಗ್ರೂಪಿಗೂ."

ಪ್ರಿನ್ಸಿಪಾಲರಿಗೆ ಹೇಗೋ ಬರೆಯಬಹುದು... ಅರವತ್ತು ಜನರ ಮುಂದೆ?

ಫೋನ್ ತೆಗೆದ. 'ನೆಟ್‌ವರ್ಕ್ ಸಮಸ್ಯೆಯಿಂದಾಗಿ' ಅಂತ ಶುರು ಮಾಡಿದ. ಥೂ... ಆಗಲೂ ತಪ್ಪಿಸಿಕೊಳ್ಳುವ ದಾರಿಯೇ ಹೊಳೆಯಿತು ನೋಡಿ.

ಅಷ್ಟರಲ್ಲಿ ಜವರಮ್ಮ ಬಾಗಿಲಿಗೆ ಬಂದರು. ಕಂಪ್ಲೇಂಟ್ ಆಗಿದೆ, ಕೆಲಸ ಹೋಗುತ್ತದೆ ಅಂತ ಯಾರೋ ಹೇಳಿದ್ದರು. ಸರ್ ಕೇಳುವ ಮೊದಲೇ ಲ್ಯಾಬಿನ ಬೀಗದಕೈ ಗೊಂಚಲನ್ನು ಮೇಜಿನ ಮೇಲಿಟ್ಟರು.

ಆಮೇಲೆ ನಿಶ್ಚಲನ ಕಡೆ ತಿರುಗಿದರು.

"ನೀವೇ ಅಲ್ವಾ ಹದಿನೇಳನೇ ನಂಬ್ರು? ಕೆಲ್ಸ ಎಲ್ಲಾ ಉಳ್ಕಂಡಿತ್ತಾ ಕನಪ್ಪ? ಟೇಮಿಗೆ ಕಳಿಸ್ಕಂಡ್ರಾ? ಕರೆಂಟು ಓದಾಗ ನಂಗೆ ಅದೇ ಭಯ ಆಗೋಗಿತ್ತು."

ಬೇರೆ ಏನನ್ನೂ ಅವರು ಕೇಳಲಿಲ್ಲ. ತಮ್ಮ ನೌಕರಿಯನ್ನೂ ಕೇಳಲಿಲ್ಲ.

ನಿಶ್ಚಲ್ ಬಿಕ್ಕಿ ಬಿಕ್ಕಿ ಅತ್ತ. ಅಳಲಿ ಬಿಡಿ... ಅಳುವುದು ಸುಲಭ.

ಕಷ್ಟವಾಗಿದ್ದು ಆಮೇಲಿನದು. ಬರೆದಿದ್ದನ್ನು ಅಳಿಸಿ ಹೀಗೆ ಬರೆದ... "ಕಂಪ್ಯೂಟರ್ ಆಫ್ ಮಾಡಿದ್ದು ನಾನು. ಹನ್ನೊಂದು ಸಲ. ಪ್ರತಿ ಸಲ ಆನ್ ಮಾಡಿದ್ದು ಜವರಮ್ಮ ಅವರು. ನಾನು ಗ್ರೂಪಿಗೆ ಹಾಕಿದ್ದು ಸುಳ್ಳು." ಗ್ರೂಪಿಗೂ ಪ್ರಿನ್ಸಿಪಾಲರಿಗೂ ಕಳಿಸಿದ.

ನಂತರ ಮೇಜಿನ ಮೇಲಿದ್ದ ಬೀಗದಕೈ ಗೊಂಚಲನ್ನು ಎರಡೂ ಕೈಯಲ್ಲಿ ಎತ್ತಿ ಜವರಮ್ಮನವರಿಗೆ ಕೊಟ್ಟ.

*ನಮ್ಮ ತಪ್ಪನ್ನು ಸದ್ದಿಲ್ಲದೆ ಸರಿ ಮಾಡುವವರೇ ನಮ್ಮ ಕಣ್ಣಿಗೆ ಮೊದಲ ತಪ್ಪಿತಸ್ಥರಾಗಿ ಕಾಣುತ್ತಾರೆ.*

ಇವತ್ತು ನೀವು ಯಾರನ್ನೋ ಬೈದಿರಲ್ಲ... ಅದಕ್ಕೂ ಮೊದಲು ಬಟನ್ ಮೇಲೆ ಯಾರ ಬೆರಳಿತ್ತು ಅಂತ ಒಮ್ಮೆಯಾದರೂ ನೋಡಿಕೊಂಡಿರಾ?